ತಿರುವಲ್ಲಿಕ್ಕೇಣಿಯ ಮಸೀದಿಯೂ ಮೈಲಾಪುರದ ಅಡಿಗೆಮನೆಯೂ

ಮತಸೌಹಾರ್ದವನ್ನು ಕುರಿತು ನಮ್ಮ ದೇಶದಲ್ಲಿ ಸಭೆಗಳಿಗೆ ಕೊರತೆಯಿಲ್ಲ. ಸರ್ವಮತಗಳ ಸಾರವೂ ಒಂದೇ ಎಂದು ಹೇಳಿ, ಪರಸ್ಪರ ಶಾಲು ಹೊದಿಸಿ, ವಂದನಾರ್ಪಣೆಯೊಡನೆ ಚದುರುವುದು ಅವುಗಳ ವಾಡಿಕೆ. ಮರುದಿನ ಊರು ಹಿಂದಿನ ದಿನ ಇದ್ದಂತೆಯೇ ಇರುತ್ತದೆ. ಇಂಥ ಸಭೆಗಳನ್ನು ನಾವು ಹಳಿಯುವುದಿಲ್ಲ. ಒಳ್ಳೆಯ ಮಾತಿಗೂ ತಕ್ಕ ಬೆಲೆಯುಂಟು. ಆದರೆ ನಾವು ನೀವು ಬಾಳುತ್ತಿರುವ ಈ ಚೆನ್ನೈ ನಗರದಲ್ಲಿಯೇ, ಸಭೆಯೂ ಭಾಷಣವೂ ಇಲ್ಲದೆ, ನಾಲ್ಕು ದಶಕಗಳಿಗೂ ಮೇಲ್ಪಟ್ಟು ನಡೆದುಬಂದಿರುವ ಒಂದು ಕಾರ್ಯವಿದೆ. ಅದನ್ನು ವಾಚಕರ ಗಮನಕ್ಕೆ ತಂದು, ಪರಸ್ಥಳದಲ್ಲಿ ಅನ್ನ ಸಂಪಾದಿಸುವ ಕನ್ನಡಿಗರಾದ ನಾವು ಅದರಿಂದ ಕಲಿಯತಕ್ಕದ್ದೇನೆಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಮೈಲಾಪುರದ ಡಾ. ರಾಧಾಕೃಷ್ಣನ್ ರಸ್ತೆಯಲ್ಲಿ ಸೂಫಿದಾರ್ ಎಂಬ ಮಂದಿರವೊಂದಿದೆ. ಅದನ್ನು ಸ್ಥಾಪಿಸಿದವರು ದಾದಾ ರತನ್‌ಚಂದ್ ಎಂಬ ಸಿಂಧಿ ಮಹನೀಯರು. 1947ರ ದೇಶವಿಭಜನೆಯಲ್ಲಿ ಪಂಜಾಬ್ ಮತ್ತು ಬಂಗಾಳಗಳು ಇಬ್ಭಾಗವಾದವು. ಸಿಂಧ್ ಪ್ರಾಂತವಾದರೋ ಇಡಿಯಾಗಿ ಪಾಕಿಸ್ತಾನಕ್ಕೆ ಸೇರಿತು. ಅಲ್ಲಿನ ಹಿಂದುಗಳಿಗೆ ಈ ಕಡೆಯಲ್ಲಿ ತಮ್ಮದೆನ್ನಲು ಒಂದು ಜಿಲ್ಲೆಯೂ ಉಳಿಯಲಿಲ್ಲ. ಹಾಗೆ ಮನೆಮಾರು ಬಿಟ್ಟು ಬಂದ ನಿರಾಶ್ರಿತರಲ್ಲಿ ಕೆಲವರು ಮದ್ರಾಸನ್ನು ಸೇರಿದರು. ರತನ್‌ಚಂದ್ ಅವರೂ ಅವರಲ್ಲೊಬ್ಬರು. ಸೂಫಿ ಸಂತರನ್ನು ಹಿಂದುಗಳೂ ಗುರುವೆಂದು ಪೂಜಿಸುವುದು ಸಿಂಧ್ ದೇಶದ ಹಳೆಯ ಸಂಪ್ರದಾಯ. ಆಸ್ತಿಯನ್ನು ಅಲ್ಲಿಯೇ ಬಿಟ್ಟು ಬರಬೇಕಾಗಿ ಬಂದರೂ ಈ ಸಂಪ್ರದಾಯವನ್ನು ಬಿಟ್ಟು ಬರಬೇಕೆಂದು ಅವರಿಗೆ ತೋರಲಿಲ್ಲ.

ರಂಜಾನ್ ಮಾಸ ಬಂತೆಂದರೆ ಈ ಮಂದಿರದ ಅಡಿಗೆಮನೆಯಲ್ಲಿ ಬೆಳಗಿನಿಂದಲೇ ಒಲೆ ಉರಿಯುತ್ತದೆ. ತರಕಾರಿ ಬೆರಸಿದ ಅನ್ನ, ಉಪ್ಪಿನಕಾಯಿ, ಸಿಹಿತಿಂಡಿ, ಹಣ್ಣು, ಕೇಸರಿ ಹಾಲು ಸಿದ್ಧವಾಗಿ, ಸಾಯಂಕಾಲಕ್ಕೆ ಮುಂಚೆ ವಾಹನದಲ್ಲಿ ತಿರುವಲ್ಲಿಕ್ಕೇಣಿಯ ವಾಲಾಜಾ ಮಸೀದಿಗೆ ತಲಪುತ್ತವೆ. ದಿನವೆಲ್ಲ ನೀರನ್ನೂ ಮುಟ್ಟದೆ ಉಪವಾಸವಿದ್ದ ಸುಮಾರು ಸಾವಿರ ಮಂದಿ ಸೂರ್ಯಾಸ್ತವಾದೊಡನೆ ಆ ಅನ್ನದಿಂದ ವ್ರತವನ್ನು ಮುಗಿಸುತ್ತಾರೆ. ಬಡಿಸುವವರು ಹಿಂದುಗಳು; ಮಸೀದಿಯ ಮರ್ಯಾದೆಗೆ ತಕ್ಕಂತೆ ತಲೆಗೆ ಟೋಪಿ ಇಟ್ಟುಕೊಂಡು ಪಂಕ್ತಿಗಳ ನಡುವೆ ಓಡಾಡುತ್ತಾರೆ. ಅಡಿಗೆ ಶುದ್ಧ ಸಸ್ಯಾಹಾರ. ಕೊಡುವವರು ತಮ್ಮ ನಿಯಮವನ್ನು ಬಿಟ್ಟಿಲ್ಲ, ಉಣ್ಣುವವರು ತಮ್ಮ ನಿಯಮವನ್ನು ಬಿಟ್ಟಿಲ್ಲ. ಹೀಗಿದ್ದೂ ಇಬ್ಬರ ನಡುವೆ ಅನ್ನ ಸಲ್ಲುತ್ತದೆ.

ಈ ಮಸೀದಿಗೂ ಇಂಥ ಸಂಬಂಧ ಹೊಸದಲ್ಲ. ಆರ್ಕಾಟಿನ ನವಾಬ ಮಹಮ್ಮದ್ ಅಲಿ ವಾಲಾಜಾ ಅವರ ಸ್ಮರಣಾರ್ಥವಾಗಿ ಅವರ ಕುಟುಂಬದವರು 1795ರಲ್ಲಿ ಇದನ್ನು ಕಟ್ಟಿಸಿದರು. ಕಟ್ಟಡದ ವರ್ಷವನ್ನು ಸೂಚಿಸುವ ಪಾರಸಿ ಪದ್ಯವೊಂದನ್ನು ಇದರ ಕಲ್ಲಿನಲ್ಲಿ ಕೆತ್ತಲಾಗಿದೆ. ನಮ್ಮಲ್ಲಿ ಕಟಪಯಾದಿ ಕ್ರಮದಿಂದ ಅಕ್ಷರಗಳಲ್ಲಿ ಸಂಖ್ಯೆಯನ್ನು ಅಡಗಿಸುವಂತೆ ಪಾರಸಿಯಲ್ಲಿಯೂ ಅಕ್ಷರಗಳನ್ನು ಕೂಡಿದರೆ ವರ್ಷ ದೊರೆಯುತ್ತದೆ. ಆ ಪದ್ಯವನ್ನು ರಚಿಸಿದವರು ಮಖನ್ ಲಾಲ್ ಖಿರತ್ ಎಂಬ ಹಿಂದೂ ವಿದ್ವಾಂಸರು. ಮುಸಲ್ಮಾನರ ಪ್ರಾರ್ಥನಾಮಂದಿರದ ಗೋಡೆಯ ಮೇಲೆ ಹಿಂದುವೊಬ್ಬರ ಪದ್ಯ ಎರಡು ಶತಮಾನಗಳಿಂದ ನಿಂತಿದ್ದು ಯಾರಿಗೂ ಅಪಚಾರವಾಗಿ ತೋರಿಲ್ಲ.

ಅಲ್ಲಿ ಉಣ್ಣುವವರು ಯಾರೆಂಬುದನ್ನೂ ನೋಡಬೇಕು. ತಿರುವಲ್ಲಿಕ್ಕೇಣಿಯು ಅವಿವಾಹಿತರ ವಸತಿಗೃಹಗಳಿಗೆ ಹೆಸರಾದ ಪೇಟೆ. 'ಮ್ಯಾನ್ಷನ್' ಎಂದು ಕರೆಯುವ ಆ ಕಟ್ಟಡಗಳ ಒಂದೊಂದು ಕೋಣೆಯಲ್ಲಿ ಮೂರು ನಾಲ್ಕು ಮಂದಿ ಗುಮಾಸ್ತರು, ಅಂಗಡಿಯ ಕೆಲಸದವರು, ಉದ್ಯೋಗವನ್ನು ಅರಸಿ ಬಂದ ತರುಣರು ಹಾಸಿಗೆ ಹಾಸುತ್ತಾರೆ. ನಮ್ಮ ವಾಚಕರಲ್ಲಿ ಅಂಥ ಕೋಣೆಗಳ ಪರಿಚಯವಿಲ್ಲದವರು ವಿರಳ. ಮನೆಯಿಂದ ದೂರವಾಗಿ ವ್ರತ ಹಿಡಿದವನಿಗೆ ಸಂಜೆಯ ಹೊತ್ತು ಎಷ್ಟು ಭಾರವೆಂಬುದು ಗೌರಿಹಬ್ಬವನ್ನೋ ದೀಪಾವಳಿಯನ್ನೋ ಕೆಲಸದ ಮೇಜಿನ ಮುಂದೆಯೇ ಕಳೆದವರಿಗೆ ತಿಳಿಯದ ಸಂಗತಿಯಲ್ಲ.

ಏತಕ್ಕೆ ಬಾಳಿತು?

ಸತ್ಕಾರ್ಯಗಳು ಆರಂಭವಾಗುವುದು ಸುಲಭ, ಬಾಳುವುದು ಕಷ್ಟ. ಈ ಕಾರ್ಯ ಇಷ್ಟು ವರ್ಷ ಬಾಳಿದುದಕ್ಕೆ ನಮಗೆ ನಾಲ್ಕು ಕಾರಣಗಳು ತೋರುತ್ತವೆ.

ಮೊದಲನೆಯದು, ಕಾಲ ಮತ್ತು ಸ್ಥಳ ನಿಯತವಾಗಿರುವುದು. ಉತ್ಸಾಹ ಬಂದಾಗ ಮಾಡುವ ದಾನಕ್ಕೂ ಸೂರ್ಯಾಸ್ತದ ಗಳಿಗೆಗೆ ತಪ್ಪದೆ ತಲಪಬೇಕಾದ ಅನ್ನಕ್ಕೂ ಬಹಳ ವ್ಯತ್ಯಾಸ. ಎರಡನೆಯದು, ಕೆಲಸದ ಸ್ವರೂಪವನ್ನು ಪಡೆಯುವವರ ಆವಶ್ಯಕತೆಯೇ ನಿರ್ಣಯಿಸಿರುವುದು. ಉಪವಾಸವಿದ್ದವನಿಗೆ ಬೇಕಾದುದು ಅನ್ನ. ಅದನ್ನೇ ಕೊಡುತ್ತಾರೆ, ಅದರ ಜೊತೆಗೆ ಉಪದೇಶವನ್ನು ಕೊಡುವುದಿಲ್ಲ. ಮೂರನೆಯದು, ಹಣದೊಡನೆ ಮೈಗೆಲಸವೂ ಸೇರಿರುವುದು. ಹಣ ಕಳುಹಿಸಿ ಕೈತೊಳೆದುಕೊಂಡಿದ್ದರೆ ಇಬ್ಬರ ಪರಿಚಯವೇ ಆಗುತ್ತಿರಲಿಲ್ಲ. ಎಲೆಯ ಮುಂದೆ ಬಾಗಿ ಬಡಿಸುವಾಗ ಮುಖಪರಿಚಯವಾಗುತ್ತದೆ. ನಾಲ್ಕನೆಯದು, ಇದರಿಂದ ಯಾರೂ ಚುನಾವಣೆಗೆ ನಿಲ್ಲದಿರುವುದು. ಇಫ್ತಾರ್ ಕೂಟಗಳು ರಾಜಕಾರಣಿಗಳ ಭಾವಚಿತ್ರಗಳಿಗೆ ವೇದಿಕೆಯಾಗಿ ಸವೆದುಹೋದುದನ್ನು ದೆಹಲಿಯಿಂದ ಹಿಡಿದು ಎಲ್ಲ ರಾಜಧಾನಿಗಳಲ್ಲಿಯೂ ಕಂಡಿದ್ದೇವೆ.

ಹೊರದೇಶಗಳಲ್ಲಿಯೂ ಈ ವಿಚಾರ ನಡೆದಿದೆ. ಲೇಖಕಿ ಕರೆನ್ ಆರ್ಮ್‌ಸ್ಟ್ರಾಂಗ್ ಅವರ ಪ್ರೇರಣೆಯಿಂದ 2009ರ ನವೆಂಬರಿನಲ್ಲಿ ವಿವಿಧ ಮತಗಳ ಚಿಂತಕರು ಸೇರಿ ದಯೆಯ ಸನ್ನದೊಂದನ್ನು ಪ್ರಕಟಿಸಿದರು. ಅನೇಕ ನಗರಗಳು ಅದಕ್ಕೆ ಸಮ್ಮತಿಸಿದವು. ಸನ್ನದಿಗೆ ಸಹಿ ಮಾಡುವ ಊರಿಗೂ ಮೈಲಾಪುರದ ಅಡಿಗೆಮನೆಯಂಥದೊಂದು ಇರಬೇಕಾಗುತ್ತದೆ. ಇಲ್ಲವಾದರೆ ಸನ್ನದು ಗೋಡೆಯ ಮೇಲಿನ ಚಿತ್ರಪಟವಾಗಿ ಉಳಿಯುತ್ತದೆ. ಇದೇ ತಿರುವಲ್ಲಿಕ್ಕೇಣಿಯ ಇತಿಹಾಸವೂ ಇದಕ್ಕೆ ಸಾಕ್ಷಿ. 1893ರ ಚಿಕಾಗೋ ಸರ್ವಧರ್ಮ ಸಮ್ಮೇಳನಕ್ಕೆ ಸ್ವಾಮಿ ವಿವೇಕಾನಂದರನ್ನು ಕಳುಹಿಸಲು ಈ ಬೀದಿಗಳಲ್ಲಿ ಮನೆಮನೆ ತಿರುಗಿ ಹಣ ಕೂಡಿಸಿದವರಲ್ಲಿ ಅಗ್ರಗಣ್ಯರು ಅಳಸಿಂಗ ಪೆರುಮಾಳ್ ಎಂಬ ಶಾಲೆಯ ಉಪಾಧ್ಯಾಯರು. ಅವರು ಹುಟ್ಟಿದುದು ನಮ್ಮ ಚಿಕ್ಕಮಗಳೂರಿನಲ್ಲಿ. ಜಗತ್ತು ಕೇಳಿದ ಆ ಭಾಷಣದ ಹಿಂದೆ, ಊರು ಬಿಟ್ಟು ಬಂದ ಸಂಸಾರದ ಬಡ ಉಪಾಧ್ಯಾಯರೊಬ್ಬರ ಕಾಲ್ನಡಿಗೆಯಿತ್ತು.

ಪ್ರವಾಹ ಕಲಿಸಿದ ಪಾಠ

2015ರ ಮಳೆಗಾಲವನ್ನು ಈ ನಗರದಲ್ಲಿದ್ದವರಾರೂ ಮರೆಯಲಾರರು. ಆ ನವೆಂಬರಿನಲ್ಲಿ ಸಾವಿರ ಮಿಲಿಮೀಟರಿಗೂ ಮೀರಿದ ಮಳೆ ಬಿದ್ದಿತ್ತು. ಡಿಸೆಂಬರ್ 1ರಂದು ಆರಂಭವಾದ ಮಳೆ ತಾಂಬರಂ ಭಾಗದಲ್ಲಿ ಒಂದೇ ದಿನಕ್ಕೆ 49 ಸೆಂಟಿಮೀಟರ್ ಸುರಿಯಿತು. ಚೆಂಬರಂಬಾಕ್ಕಂ ಕೆರೆಯ ನೀರನ್ನು ಬಿಟ್ಟುದರಿಂದ ಅಡ್ಯಾರ್ ನದಿ ದಡ ಮೀರಿ ಸೈದಾಪೇಟೆ, ಜಾಫರ್‌ಖಾನ್‌ಪೇಟೆ, ಕೋಟ್ಟೂರುಪುರಂಗಳು ಜಲಾವೃತವಾದವು. 1878ರಲ್ಲಿ ಆರಂಭವಾದ 'ದಿ ಹಿಂದೂ' ಪತ್ರಿಕೆಯ ಚೆನ್ನೈ ಆವೃತ್ತಿಯೇ ಡಿಸೆಂಬರ್ 2ರಂದು ಹೊರಬೀಳಲಿಲ್ಲವೆಂದರೆ ಉಳಿದುದನ್ನು ಊಹಿಸಬಹುದು.

ಆಗ ಮಸೀದಿಗಳೂ ಚರ್ಚುಗಳೂ ಕಲ್ಯಾಣಮಂಟಪಗಳೂ ಬಾಗಿಲು ತೆರೆದವು. ಗುರುದ್ವಾರದ ಒಲೆಯಿಂದ ಊಟ ಹೊರಟಿತು. ನೀರಿಳಿದ ಮೇಲೆ ಜಮಾತೆ ಇಸ್ಲಾಮಿ ಹಿಂದ್ ಸಂಸ್ಥೆಯ ಮುಸಲ್ಮಾನ ತರುಣರು ಕೋಟ್ಟೂರುಪುರಂ ಮತ್ತು ಸೈದಾಪೇಟೆಗಳಲ್ಲಿ ಮಸೀದಿಗಳನ್ನಷ್ಟೇ ಅಲ್ಲದೆ ದೇವಸ್ಥಾನಗಳನ್ನೂ ಗುಡಿಸಿ ತೊಳೆದರು. ತುಂಬು ಗರ್ಭಿಣಿಯಾಗಿದ್ದ ಹಿಂದೂ ಮಹಿಳೆಯೊಬ್ಬರನ್ನು ಮುಸಲ್ಮಾನ ತರುಣರೊಬ್ಬರು ದೋಣಿಯಲ್ಲಿ ಪಾರುಮಾಡಿದರು. ಆ ದಂಪತಿಗಳು ತಮಗೆ ಹುಟ್ಟಿದ ಹೆಣ್ಣುಮಗುವಿಗೆ ಆತನ ಹೆಸರನ್ನೇ ಇಟ್ಟರು.

ಇವೆಲ್ಲ ಸಂತೋಷದ ಸಂಗತಿಗಳು. ಆದರೆ ಪ್ರವಾಹದ ದಯೆಗೂ ಸೂಫಿದಾರ್ ಮಂದಿರದ ದಯೆಗೂ ಒಂದು ಅಂತರವುಂಟು. ಮೊದಲನೆಯದು ನೀರಿನೊಡನೆ ಏರಿತು, ನೀರಿನೊಡನೆ ಇಳಿಯಿತು. ಆ ವಾರದಲ್ಲಿ ಒಂದು ಬಡಾವಣೆಗೆ ಬೇಡವೆನ್ನುವಷ್ಟು ಊಟದ ಪೊಟ್ಟಣಗಳು ಬಂದರೆ ಇನ್ನೊಂದಕ್ಕೆ ಒಂದೂ ತಲಪದ ಉದಾಹರಣೆಗಳಿದ್ದವು. ಕಾರಣ ಸ್ಪಷ್ಟ: ಯಾರ ಅಡಿಗೆಮನೆ ಎಷ್ಟು ಮಂದಿಗೆ ಸಾಕು, ಯಾವ ಮಸೀದಿಯ ಮೇಲ್ಮಹಡಿ ಒಣಗಿರುತ್ತದೆ, ಯಾವ ಚರ್ಚಿನ ಶಾಲೆಯಲ್ಲಿ ಮಹಿಳೆಯರು ಮಲಗಬಹುದು ಎಂಬುದನ್ನು ಯಾರೂ ಯಾರೊಡನೆಯೂ ಮುಂಚಿತವಾಗಿ ಮಾತನಾಡಿರಲಿಲ್ಲ. ಪರಿಚಯವಿಲ್ಲದವರು ಆಪತ್ತಿನ ನಡುವೆ ಪರಿಚಯ ಮಾಡಿಕೊಳ್ಳಬೇಕಾಯಿತು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದು ನಗರ ಮತ್ತೆ ಮುಳುಗಿದಾಗ, ಎಂಟು ವರ್ಷಗಳಲ್ಲಿ ನಾವು ಎಷ್ಟು ಸಿದ್ಧತೆ ಮಾಡಿಕೊಂಡೆವೆಂಬುದು ಬಯಲಾಯಿತು.

ದಯೆ ಸೋತ ಎರಡು ರಾತ್ರಿಗಳು

ಒಳ್ಳೆಯದನ್ನೇ ಹೇಳಿ ಮುಗಿಸಿದರೆ ವಿಚಾರ ಪೂರ್ಣವಾಗದು. ಇದೇ ನಗರದಲ್ಲಿ ದಯೆ ಸೋತ ರಾತ್ರಿಗಳೂ ಇವೆ.

2020ರ ಏಪ್ರಿಲ್ 19ರಂದು, ಕೊರೋನಾ ರೋಗದಿಂದ ತೀರಿಕೊಂಡ ನರರೋಗ ಶಸ್ತ್ರವೈದ್ಯರೊಬ್ಬರ ದೇಹವನ್ನು ಸಂಸ್ಕಾರಕ್ಕೆ ಒಯ್ದಾಗ ಗುಂಪೊಂದು ಕಲ್ಲು, ದೊಣ್ಣೆಗಳಿಂದ ಹೊಡೆದು ಅಟ್ಟಿತು. ಮೃತರು ಕ್ರೈಸ್ತರು. ಅವರ ಸಹೋದ್ಯೋಗಿಯಾದ ಹಿಂದೂ ವೈದ್ಯರೊಬ್ಬರು ಮಧ್ಯರಾತ್ರಿಯಲ್ಲಿ ತಾವೇ ಮುಂದೆ ನಿಂತು ಮಣ್ಣು ಮಾಡಬೇಕಾಯಿತು. ಜೀವವಿರುವಾಗ ಎಷ್ಟೋ ಮಂದಿಯ ತಲೆ ಕಾಯ್ದ ಕೈಗಳಿಗೆ ಆರಡಿ ನೆಲ ಸುಲಭವಾಗಿ ಸಿಗಲಿಲ್ಲ. ಅದೇ ತಿಂಗಳಲ್ಲಿ ತಮಿಳುನಾಡು ಸರಕಾರ ಸಂಸ್ಕಾರಕ್ಕೆ ಅಡ್ಡಿಪಡಿಸುವವರಿಗೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸುವ ಸುಗ್ರೀವಾಜ್ಞೆಯನ್ನು ಹೊರಡಿಸಿತು. ಶಾಸನ ಬೇಕು, ಆದರೆ ಭಯವು ಗುಂಪಾಗಿ ಬೀದಿಗಿಳಿದಾಗ ಶಾಸನ ಯಾವಾಗಲೂ ಒಂದು ಗಳಿಗೆ ತಡವಾಗಿ ಬರುತ್ತದೆ. ಅದಕ್ಕೆ ಮುಂಚೆ ಬರಬಲ್ಲವನು ನೆರೆಯವನು ಮಾತ್ರ.

ಎರಡನೆಯ ರಾತ್ರಿ ನಮಗೆ ಇನ್ನೂ ಹತ್ತಿರದ್ದು. ಕಾವೇರಿ ನೀರಿನ ವಿವಾದ ಕೆರಳಿದ 2016ರ ಸೆಪ್ಟೆಂಬರ್ 12ರ ಮುಂಜಾವಿಗೆ ಮೊದಲು, ಮೈಲಾಪುರದ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ಪೆಟ್ರೋಲ್ ಬಾಂಬುಗಳನ್ನೆಸೆದರು. ಕಡಂದಲೆಯಿಂದ ಬಂದು ಅಡಿಗೆಮನೆಯ ಕೆಲಸದಿಂದ ಮೇಲೇರಿದ ಕೃಷ್ಣರಾಯರು ಕಟ್ಟಿದ ಹೆಸರು ಅದು. ಅದೇ ದಿನ ಬೆಂಗಳೂರಿನಲ್ಲಿ ತಮಿಳುನಾಡಿನ ನೋಂದಣಿಯ ಹತ್ತಾರು ಬಸ್ಸುಗಳನ್ನು ಸುಟ್ಟರು. ಅಲ್ಲಿ ಸುಟ್ಟವರಿಗೆ ಇಲ್ಲಿ ಹೋಟೆಲಿನ ಮಹಡಿಯಲ್ಲಿ ಮಲಗಿದ್ದ ಕುಂದಾಪುರದ ಹುಡುಗನ ನೆನಪಿರಲಿಲ್ಲ; ಇಲ್ಲಿ ಎಸೆದವರಿಗೆ ಬೆಂಗಳೂರಿನ ಬೀದಿಯಲ್ಲಿ ಹೂ ಮಾರುವ ತಮಿಳು ಹೆಂಗಸಿನ ನೆನಪಿರಲಿಲ್ಲ.

ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಸೂಫಿದಾರ್ ಮಂದಿರವಿರುವ ರಸ್ತೆಯೂ ಆ ಹೋಟೆಲು ಇರುವ ರಸ್ತೆಯೂ ಒಂದೇ. ಎರಡೂ ಹೊರಗಿನಿಂದ ಬಂದವರು ಕಟ್ಟಿದ ಸ್ಥಾನಗಳು. ಎರಡರಲ್ಲಿಯೂ ನಡೆಯುವುದು ಅನ್ನದ ಕೆಲಸವೇ. ಒಂದಕ್ಕೆ ನಗರದೊಡನೆ ಇರುವ ಸಂಬಂಧ ಮುಖ್ಯವಾಗಿ ಹಣ ಪಡೆದು ಬಡಿಸುವುದು. ಇನ್ನೊಂದಕ್ಕೆ ಹಣವಿಲ್ಲದೆ ಬಡಿಸುವುದು. ಧರ್ಮಾರ್ಥವಾಗಿ ಬಡಿಸಿದವರಿಗೆ ಬಾಂಬು ಬೀಳುವುದೇ ಇಲ್ಲವೆಂದು ನಾವು ಹೇಳುವುದಿಲ್ಲ. ಕಿಡಿಗೇಡಿಗಳು ಲೆಕ್ಕ ನೋಡಿ ಹೊಡೆಯುವುದಿಲ್ಲ. ಆದರೆ ಬಾಂಬು ಬಿದ್ದ ಮರುದಿನ ಬೆಳಿಗ್ಗೆ ಬಾಗಿಲಿಗೆ ಯಾರು ಬಂದು ನಿಲ್ಲುತ್ತಾರೆ ಎಂಬುದು ಹಿಂದಿನ ನಲವತ್ತು ವರ್ಷಗಳ ವರ್ತನೆಯನ್ನು ಅವಲಂಬಿಸುತ್ತದೆ. ಪರಸ್ಥಳದಲ್ಲಿ ಬಾಳುವವನಿಗೆ ಇದಕ್ಕಿಂತ ದೊಡ್ಡ ಭದ್ರತೆ ಇನ್ನೊಂದಿಲ್ಲ.

ಊರಿನ ಸುದ್ದಿ

ನಮ್ಮಲ್ಲಿ ಬಹುಮಂದಿಯ ಊರು ಕರಾವಳಿ. ಅಲ್ಲಿಂದ ಬರುವ ಸುದ್ದಿ ಎರಡು ಬಗೆ. 2017ರ ಜೂನ್ 24ರಂದು ಉಡುಪಿಯ ಕೃಷ್ಣಮಠದ ಭೋಜನಶಾಲೆಯಲ್ಲಿ, ಪರ್ಯಾಯ ಪೀಠದಲ್ಲಿದ್ದ ಪೇಜಾವರ ಶ್ರೀ ವಿಶ್ವೇಶತೀರ್ಥರು ಮುಸಲ್ಮಾನ ಬಾಂಧವರಿಗೆ ಇಫ್ತಾರ್ ಏರ್ಪಡಿಸಿದರು. ಕೆಲವು ಹಿಂದೂ ಸಂಘಟನೆಗಳು ಪ್ರತಿಭಟಿಸಿದರೂ ಅವರು ಹಿಂಜರಿಯಲಿಲ್ಲ. 2019ರ ಡಿಸೆಂಬರಿನಲ್ಲಿ ಅವರು ಬೃಂದಾವನಸ್ಥರಾದರು. ಮುಂದೆ 2022ರ ಮಾರ್ಚಿನಲ್ಲಿ, ಹಿಜಾಬ್ ವಿವಾದದ ಬಿಸಿ ಆರುವ ಮೊದಲೇ, ಕಾಪುವಿನ ಮಾರಿಗುಡಿಯೇ ಮೊದಲಾದ ಕೆಲವು ಕಡೆ ಜಾತ್ರೆಗಳಲ್ಲಿ ಮುಸಲ್ಮಾನ ವ್ಯಾಪಾರಿಗಳಿಗೆ ಅವಕಾಶವಿಲ್ಲವೆಂದಾಯಿತು. ಮೂಲ್ಕಿಯ ಬಪ್ಪನಾಡಿನಲ್ಲಿಯೂ ಅಂಥ ಫಲಕಗಳು ತಲೆಯೆತ್ತಿದವು. ಬಪ್ಪನಾಡು ದುರ್ಗಾಪರಮೇಶ್ವರಿಯ ಗುಡಿಯ ಮೂಲಕಥೆಯಲ್ಲಿ ಬಪ್ಪ ಬ್ಯಾರಿ ಎಂಬ ಮುಸಲ್ಮಾನ ವರ್ತಕನ ಹೆಸರಿದೆಯೆಂಬುದನ್ನು ಆ ಸೀಮೆಯ ಮಗುವೂ ಬಲ್ಲದು.

ಜಾತ್ರೆಯಲ್ಲಿ ಬಳೆ, ಆಟಿಕೆ ಮಾರುವವನನ್ನು ಅವನ ಮತದ ಕಾರಣದಿಂದ ಅಟ್ಟಬಹುದಾದರೆ, ಪರಭಾಷೆಯ ನಗರದಲ್ಲಿ ಕಾಫಿ ಮಾರುವವನನ್ನು ಅವನ ಭಾಷೆಯ ಕಾರಣದಿಂದ ಅಟ್ಟಲು ತಡೆಯೇನು? ಎರಡರ ಹಿಂದಿನ ತರ್ಕವೂ ಒಂದೇ. ಊರಿನಲ್ಲಿ ಒಂದು ನ್ಯಾಯ, ಪರಊರಿನಲ್ಲಿ ಇನ್ನೊಂದು ನ್ಯಾಯ ಕೇಳುವುದು ನಮಗೆ ಸಲ್ಲದು.

ನಮ್ಮ ಉದ್ಯಮದ ಇತಿಹಾಸವನ್ನೂ ಇಲ್ಲಿ ಸ್ಮರಿಸಬೇಕು. ಉಡುಪಿ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಪಂಕ್ತಿಯಿದ್ದ ಕಾಲವೊಂದಿತ್ತು. 1957ರಲ್ಲಿ ಇದೇ ತಿರುವಲ್ಲಿಕ್ಕೇಣಿಯ ಉಪಾಹಾರಗೃಹವೊಂದರ ಫಲಕದಲ್ಲಿದ್ದ 'ಬ್ರಾಹ್ಮಣ' ಎಂಬ ಪದವನ್ನು ಅಳಿಸಬೇಕೆಂದು ಪೆರಿಯಾರರ ಅನುಯಾಯಿಗಳು ಚಳವಳಿ ಹೂಡಿದರು. ಆ ಪಂಕ್ತಿಗಳು ಹೋದವು. ಅದರಿಂದ ಹೋಟೆಲುಗಳು ಮುಳುಗಲಿಲ್ಲ. ಯಾವ ಜಾತಿಯ, ಯಾವ ಮತದ ಗಿರಾಕಿಯಾದರೂ ಒಂದೇ ಮೇಜಿನಲ್ಲಿ ಕುಳಿತು ಒಂದೇ ಪಾತ್ರೆಯ ಸಾಂಬಾರನ್ನು ಉಣ್ಣುವಂತಾದುದರಿಂದಲೇ ಅವು ಬೆಳೆದವು. ಅಂದಮೇಲೆ ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವ ವಿದ್ಯೆ ನಮಗೆ ಹೊಸದಾಗಿ ಬರಬೇಕಾಗಿಲ್ಲ.

ಆಕ್ಷೇಪಗಳಿಗೆ ಸಮಾಧಾನ

ನಾವು ಹೊಟ್ಟೆಪಾಡಿಗೆ ಬಂದವರು, ಊರು ಸುಧಾರಿಸುವುದು ನಮ್ಮ ಕೆಲಸವೇ ಎಂದು ಕೆಲವರು ಕೇಳಬಹುದು. ಸಿಂಧಿಗಳೂ ಹೊಟ್ಟೆಪಾಡಿಗೇ ಬಂದವರು, ನಮಗಿಂತ ಹೆಚ್ಚು ಕಳೆದುಕೊಂಡು ಬಂದವರು. ತಮ್ಮ ನೆಲ ಹೋದುದಕ್ಕೆ ಒಂದು ಮತವನ್ನೇ ದೂಷಿಸುತ್ತ ಕುಳಿತಿದ್ದರೆ ಅವರನ್ನು ತಪ್ಪೆನ್ನುವವರು ಕಡಮೆಯಿದ್ದರು. ಅವರು ಆ ದಾರಿಯನ್ನು ಹಿಡಿಯಲಿಲ್ಲ.

ನಮ್ಮವರಲ್ಲಿಯೇ ಬಡವರಿರುವಾಗ ಪರರಿಗೇಕೆ ಎಂಬುದು ಎರಡನೆಯ ಆಕ್ಷೇಪ. ಇದರಲ್ಲಿ ನ್ಯಾಯವಿದೆ. ಹದಿನಾರು ಗಂಟೆ ನಿಂತು ಕೆಲಸಮಾಡಿ ಕಾಲುಬಾವು ಬಂದ ಹೋಟೆಲು ಕೆಲಸಗಾರನಿಗೆ ವೈದ್ಯರನ್ನು ತೋರಿಸದ ಸಮಾಜ ಬೇರೆಯವರಿಗೆ ದಯೆ ತೋರುವುದು ಹಾಸ್ಯಾಸ್ಪದ. ಆದರೆ ಈ ಎರಡು ಒಂದಕ್ಕೊಂದು ವಿರೋಧಿಗಳಲ್ಲ. ಪ್ರವಾಹದಲ್ಲಿ ಕನ್ನಡದ ಹುಡುಗನನ್ನು ಮಹಡಿಯಿಂದ ಇಳಿಸುವ ದೋಣಿ ಕನ್ನಡಿಗರದೇ ಆಗಿರಬೇಕೆಂದು ಕಾಯಲು ಸಾಧ್ಯವೆ?

ಮೂರನೆಯ ಆಕ್ಷೇಪ ಗಂಭೀರವಾದುದು: ಊಟ ಬಡಿಸುವುದರಿಂದ ಅನ್ಯಾಯ ಅಳಿಯುತ್ತದೆಯೇ? ಅಳಿಯುವುದಿಲ್ಲ. 2015ರ ಪ್ರವಾಹವನ್ನು ಮಾನವನಿರ್ಮಿತ ಅನಾಹುತವೆಂದು ಮಹಾಲೇಖಪಾಲರ ವರದಿಯೇ ಹೇಳಿತು. ಕೆರೆಯ ಅಂಗಳದಲ್ಲಿ ಕಟ್ಟಡ ಕಟ್ಟಲು ಅನುಮತಿ ಕೊಟ್ಟವರ ತಪ್ಪನ್ನು ಚಿತ್ರಾನ್ನದ ಪೊಟ್ಟಣ ತೊಳೆಯಲಾರದು. ದಯೆಯು ನ್ಯಾಯದ ಸ್ಥಾನವನ್ನು ಆಕ್ರಮಿಸಕೂಡದು. ಆದರೆ ನ್ಯಾಯವನ್ನು ಒಟ್ಟಾಗಿ ಕೇಳಬೇಕಾದರೂ ಮೊದಲು ಒಬ್ಬರನ್ನೊಬ್ಬರು ಬಲ್ಲವರಾಗಿರಬೇಕು.

ನಾವು ಮಾಡತಕ್ಕದ್ದು

ಚೆನ್ನೈಯ ಕನ್ನಡ ಸಂಘಗಳ ಮುಂದೆ ಮೂರು ಸಲಹೆಗಳನ್ನಿಡಲು ನಾವು ಬಯಸುತ್ತೇವೆ.

ಒಂದು: ಸಾವಿರ ಮಂದಿಗೆ ಎರಡು ಗಂಟೆಗಳಲ್ಲಿ ಅಡಿಗೆ ಮಾಡಿ ಬಡಿಸಬಲ್ಲ ನೈಪುಣ್ಯ ಈ ನಗರದಲ್ಲಿ ನಮ್ಮವರಿಗಿರುವಷ್ಟು ಬೇರೆಯವರಿಗೆ ವಿರಳ. ಈಶಾನ್ಯ ಮಾರುತದ ಮಳೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಅದಕ್ಕೆ ಮುಂಚೆ, ಪ್ರತಿ ಬಡಾವಣೆಯ ಕನ್ನಡಿಗರು ಅಲ್ಲಿನ ಮಸೀದಿ, ಚರ್ಚು, ದೇವಸ್ಥಾನಗಳ ಆಡಳಿತದವರನ್ನು ಕಂಡು, ನೀರು ಬಂದರೆ ಯಾರ ಒಲೆ, ಯಾರ ಸಭಾಂಗಣ, ಯಾರ ವಾಹನ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಲಿ. ಇದಕ್ಕೆ ಹಣ ಬೇಡ; ಒಂದು ಸಂಜೆ ಸಾಕು.

ಎರಡು: ವರ್ಷಕ್ಕೊಂದು ಉತ್ಸವಕ್ಕೆ ಬದಲಾಗಿ ತಿಂಗಳಿಗೊಂದು ಸಣ್ಣ ನಿಯತ ಕಾರ್ಯವನ್ನು ಹಿಡಿಯುವುದು ಲೇಸು. ಸರಕಾರಿ ಆಸ್ಪತ್ರೆಗಳಿಗೆ ಕರ್ನಾಟಕ, ಆಂಧ್ರಗಳಿಂದಲೂ ರೋಗಿಗಳು ಬರುತ್ತಾರೆ. ಅವರ ಜೊತೆಯಲ್ಲಿ ಬಂದವರಿಗೆ ಭಾಷೆ ತಿಳಿಯದು, ಊಟದ ದಾರಿ ತಿಳಿಯದು. ಗುಮಾಸ್ತೆಯ ಕೆಲಸದಲ್ಲಿರುವ ನಮ್ಮವರಿಗೆ ಎರಡು ಮೂರು ಭಾಷೆಗಳು ಬರುತ್ತವೆ. ಅರ್ಜಿ ಬರೆದುಕೊಡಲು ಅವರಿಗಿಂತ ಯೋಗ್ಯರಿಲ್ಲ. ರೋಗಿಯ ಮತವನ್ನು ಅರ್ಜಿ ಕೇಳುವುದಿಲ್ಲ, ಬರೆಯುವವನೂ ಕೇಳಬೇಕಾಗಿಲ್ಲ.

ಮೂರು: ಈ ಕೆಲಸದ ಭಾರ ದುಡಿಯುವವನ ಮೇಲೆಯೇ ಬೀಳಕೂಡದು. ಯಜಮಾನನ ಹೆಸರಿಗೆ ದಾನ, ಕೆಲಸಗಾರನ ಮೈಗೆ ಹೆಚ್ಚಿನ ದುಡಿಮೆ ಎಂದಾದರೆ ಅದು ದಯೆಯಲ್ಲ. ಸೇವೆಗೆ ಕಳುಹಿಸಿದ ಗಂಟೆಗಳನ್ನು ಮಾಲೀಕರು ಕೆಲಸದ ಗಂಟೆಗಳೆಂದೇ ಎಣಿಸತಕ್ಕದ್ದು, ಇಷ್ಟವಿಲ್ಲದವನನ್ನು ಬಲಾತ್ಕರಿಸಕೂಡದು.

ಇವುಗಳಲ್ಲಿ ಯಾವುದೂ ದೊಡ್ಡ ಕಾರ್ಯವಲ್ಲ. ಮೈಲಾಪುರದ ಒಲೆಯೂ ಮೊದಲ ವರ್ಷ ದೊಡ್ಡ ಕಾರ್ಯವಾಗಿ ಯಾರಿಗೂ ಕಂಡಿರಲಾರದು. ಅದು ಮರುವರ್ಷವೂ ಹೊತ್ತಿತು; ಅದರ ಮರುವರ್ಷವೂ ಹೊತ್ತಿತು. ನಮ್ಮ ಸಂಘಗಳ ಕಾರ್ಯಕಾರಿ ಸಮಿತಿಗಳು ಮುಂದಿನ ಸಭೆಯಲ್ಲಿ ಮೊದಲನೆಯ ಸಲಹೆಯನ್ನಾದರೂ ವಿಚಾರಕ್ಕೆ ತೆಗೆದುಕೊಳ್ಳುವುವೆಂದು ನಾವು ಆಶಿಸುತ್ತೇವೆ. ಮಳೆ ಯಾರ ನಿರ್ಣಯಕ್ಕೂ ಕಾಯುವುದಿಲ್ಲ.